ಹನ್ನೆರಡನೆಯ ತಿಂಗಳ ಇಪ್ಪತ್ತು

ಮೊಕ್‌ಸೊಮ್ ದ್ವೀಪ
8 ಫೆಬ್ರುವರಿ 1988

ಪ್ರೀತಿಯ ಮಿರಾನ್,

ನಿನ್ನೆ ಚಂದ್ರನ ಲೆಕ್ಕದಲ್ಲಿ ಹನ್ನೆರಡನೆಯ ತಿಂಗಳ ಇಪ್ಪತ್ತು. ಹುಟ್ಟಿದವಳು ಮನೆಯಲ್ಲಿಲ್ಲದಿದ್ದರೂ ಹುಟ್ಟುಹಬ್ಬದ ಕಡಲಸೊಪ್ಪಿನ ಸಾರು ಮಾಡಿದೆ. ಅಜ್ಜಿ ಎರಡು ಬಟ್ಟಲು ಕುಡಿದರು. ಒಂದು ತಮ್ಮದಂತೆ, ಇನ್ನೊಂದು ನಿನ್ನ ಪಾಲಿನದಂತೆ. ಪ್ರತಿವರ್ಷ ಹೇಳುವುದನ್ನೇ ಈ ಸಲವೂ ಹೇಳಿದರು. "ನಮ್ಮ ಲೆಕ್ಕಕ್ಕೆ ಹುಟ್ಟಿದ ದಿನಕ್ಕೇ ಒಂದು ವಯಸ್ಸು, ಹನ್ನೊಂದು ದಿನಕ್ಕೆ ಹೊಸ ವರ್ಷ ಬಂದು ಎರಡು. ಕತ್ತು ನಿಲ್ಲೋ ಮೊದಲೇ ಎರಡು ವರ್ಷದವಳಾದ ಅವಸರದ ಹೆಣ್ಣು ಇದು." ನಿನ್ನಪ್ಪ ಕಡಲಿನಿಂದ ಆಗತಾನೇ ಬಂದಿದ್ದರು. ಈ ವರ್ಷ ಗಿಮ್ ಪಾಚಿ ಚೆನ್ನಾಗಿ ಬಂದಿದೆ, ಹಾಳೆ ಹಾಳೆಯಾಗಿ ಒಣಹಾಕಿ ಅಂಗಳವೆಲ್ಲ ಕಪ್ಪು. ಅವರು ನಗುತ್ತ, ಬಿರುಕುಬಿಟ್ಟ ಬೆರಳುಗಳನ್ನು ಸಾರಿನ ಬಟ್ಟಲಿಗೆ ಒತ್ತಿ ಬೆಚ್ಚಗೆ ಮಾಡಿಕೊಂಡರು.

ಒಂದು ಕಟ್ಟು ಒಣ ಕಡಲಸೊಪ್ಪು ಕಳಿಸಿದ್ದೇನೆ. ಅಡುಗೆಮನೆಯಲ್ಲಿ ಕೊಟ್ಟು ಸಾರು ಮಾಡಿಸಿಕೋ.

ಸೆಪ್ಟೆಂಬರಿನ ಒಲಿಂಪಿಕ್ಸಿಗೆ ಜಿಮ್ನಾಸ್ಟಿಕ್ಸ್ ಹುಡುಗಿಯರನ್ನು ಜೂನ್‌ನಲ್ಲಿ ಆರಿಸುತ್ತಾರೆಂದು ಪೇಪರಿನಲ್ಲಿ ಓದಿದೆ. ಶಾಲೆಯಲ್ಲಿ ಮಕ್ಕಳು ದಿನವೂ ಕೇಳುತ್ತವೆ, "ಟೀಚರ್, ಮಿರಾನ್ ಅಕ್ಕ ಟೀವೀಲಿ ಯಾವಾಗ ಬರ್ತಾಳೆ?" ನೀನು ಲಾಗ ಹಾಕಲು ಕಲಿತ ಹುಲ್ಲುಚಾಪೆ ಈಗಲೂ ತರಗತಿಯ ಮೂಲೆಯಲ್ಲಿದೆ. ಅದನ್ನು ನೋಡಿದಾಗಲೆಲ್ಲ, ಐದು ವರ್ಷದ ಹಿಂದೆ ನಿನ್ನ ತರಬೇತುದಾರ ಗೂ ಮೇಷ್ಟ್ರಿಗೆ 'ನಮ್ಮ ಹುಡುಗಿಯನ್ನು ಒಮ್ಮೆ ಬಂದು ನೋಡಿ' ಎಂದು ಪತ್ರ ಬರೆದವಳು ನಾನೇ ಎಂಬುದು ನೆನಪಾಗುತ್ತದೆ. ಹೆಮ್ಮೆಯಿಂದಲೇ ನೆನಪಾಗುತ್ತದೆ, ಹೆಚ್ಚಿನ ದಿನಗಳಲ್ಲಿ.

ಇನ್ನೊಂದು ಮಾತು. ಹಿಂದಿನ ಎರಡು ಪತ್ರಗಳನ್ನೂ ನೀನು ಪೆನ್ಸಿಲ್ಲಿನಲ್ಲಿ ಬರೆದಿದ್ದೀಯ. ಸಾಲುಗಳು ಬಲಕ್ಕೆ ಹೋದಂತೆ ಕೆಳಗೆ ಜಾರುತ್ತಿವೆ. ಹದಿನೆಂಟು ವರ್ಷ ಮಕ್ಕಳ ಕೈಬರಹ ತಿದ್ದಿದವಳಿಗೆ ಇದು ಕಣ್ಣಿಗೆ ಚುಚ್ಚುತ್ತದೆ. ಪೆನ್ನು ಕಳೆದುಕೊಂಡೆಯಾ? ಪಾರ್ಸೆಲಿನಲ್ಲಿ ಒಂದು ಇಟ್ಟಿದ್ದೇನೆ.

ನಿನ್ನ ಅಮ್ಮ,
ಯೊಂಗ್‌ಸಿಮ್


ಸಿಯೋಲ್, ತರಬೇತಿ ಕೇಂದ್ರ
2 ಮಾರ್ಚ್ 1988

ಅಮ್ಮಾ,

ಕಡಲಸೊಪ್ಪು ಬಂತು. ಅಡುಗೆ ಆಂಟಿ ಅದನ್ನು ಮುಟ್ಟಲೂ ಇಲ್ಲ. "ಜಾರೋ ಸೊಪ್ಪು ಇದು. ಜೂನ್ ಆಯ್ಕೆ ಮುಗಿಯೋವರೆಗೂ ನನ್ನ ಒಲೆ ಮೇಲೆ ಏರಲ್ಲ. ಇದನ್ನ ತಿಂದು ಒಬ್ಬಳು ಜಾರಿದ್ರೂ ಮೇಷ್ಟ್ರು ನನ್ನನ್ನೇ ಬೇಯಿಸ್ತಾರೆ" ಅಂದಳು. ಪರೀಕ್ಷೆಯ ದಿನ ನೀನೂ ನನಗೆ ಕೊಡುತ್ತಿರಲಿಲ್ಲ ಅಲ್ವಾ? ಕಟ್ಟು ನನ್ನ ಮಂಚದ ಕೆಳಗಿದೆ. ರೂಮೆಲ್ಲ ಮನೆಯ ವಾಸನೆ.

ಇಲ್ಲಿ ನನ್ನ ಹುಟ್ಟುಹಬ್ಬ ಡಿಸೆಂಬರ್ ಇಪ್ಪತ್ತಕ್ಕೇ ಆಗಿಹೋಯಿತು, ದಾಖಲೆಯಲ್ಲಿರುವ ದಿನ ಅದೇ ಅಂತ. ನೀನು ಪತ್ರ ಬರೆದದ್ದನ್ನು ನೋಡಿ ನನ್ನ ಕೋಣೆಯ ಜೊಂಗಿಮ್ ಅಕ್ಕ ತಮಾಷೆಗೆ ಪಂಚಾಂಗ ತೆಗೆದಳು. ಅವಳ ಸೋದರಮಾವ ಶಾಸ್ತ್ರ ಹೇಳುವವರು, ಅವರ ಹಳೇ ಪಂಚಾಂಗ ಇವಳ ಹತ್ತಿರ ಇದೆ. ಎಲ್ಲರಿಗೂ ಎಂಥ ಗಂಡ ಸಿಗ್ತಾನೆ ಅಂತ ಹೇಳ್ತಾಳೆ. "ಎತ್ತಿನ ವರ್ಷ, ಹನ್ನೆರಡನೇ ತಿಂಗಳು, ಇಪ್ಪತ್ತು" ಅಂದೆ. ಅವಳು ಪುಟದ ಮೇಲೆ ಬೆರಳು ಇಟ್ಟು ಎರಡು ಸಲ ಎಣಿಸಿದಳು. ಆಮೇಲೆ "ಬೋಳುತಲೆಯವನು" ಅಂತ ಹೇಳಿ ಎಲ್ಲರನ್ನೂ ನಗಿಸಿದಳು.

ಬಚ್ಚಲಲ್ಲಿ ನನ್ನನ್ನು ಒಬ್ಬಳನ್ನೇ ಹಿಡಿದು ಹೇಳಿದ್ದು ಬೇರೆ. ಚಂದ್ರನ ಲೆಕ್ಕದ ಆ ದಿನ ಸೂರ್ಯನ ಲೆಕ್ಕದಲ್ಲಿ 1974ರ ಜನವರಿ ಹನ್ನೆರಡಂತೆ. ಒಲಿಂಪಿಕ್ಸ್ ನಡೆಯುವ ವರ್ಷ ಮುಗಿಯುವುದರೊಳಗೆ ಹದಿನೈದು ತುಂಬದವರು ಆಡುವ ಹಾಗಿಲ್ಲ. 73ರಲ್ಲಿ ಹುಟ್ಟಿದವರು ಆಡಬಹುದು, 74ರವರು ಆಡುವ ಹಾಗಿಲ್ಲ. "ಇನ್ಮೇಲೆ ಚಂದ್ರನ ಹುಟ್ಟುಹಬ್ಬದ ಸುದ್ದಿ ಯಾರ ಹತ್ರಾನೂ ಎತ್ತಬೇಡ" ಅಂದಳು.

ಅಮ್ಮಾ, ತಂಡದಲ್ಲಿ ಉಳಿದಿರೋದು ಒಂದೇ ಜಾಗ. ಅದಕ್ಕೆ ಪೈಪೋಟಿ ಇರೋದು ನನಗೂ ಜೊಂಗಿಮ್ ಅಕ್ಕನಿಗೂ. ಅವಳು ಬಾಯಿ ಬಿಟ್ಟರೆ ಸಾಕು, ಜಾಗ ಅವಳದೇ. ಬಿಟ್ಟಿಲ್ಲ.

ನನ್ನ ನಿಜವಾದ ಹುಟ್ಟುಹಬ್ಬ ಯಾವುದು?

ನಿನ್ನ ಮಿರಾನ್

(ಪೆನ್ನು ಚೆನ್ನಾಗಿದೆ. ಪೆನ್ಸಿಲ್ ಅಭ್ಯಾಸ ಆಗಿಬಿಟ್ಟಿದೆ ಅಷ್ಟೆ.)


ಮೊಕ್‌ಸೊಮ್
21 ಮಾರ್ಚ್ 1988

ಮಿರಾನ್,

ನಿನ್ನ ಪತ್ರ ಬಂದ ದಿನ ತರಗತಿಯಲ್ಲಿ ಮಕ್ಕಳಿಗೆ ತಿಂಗಳುಗಳ ಹೆಸರು ಹೇಳಿಕೊಡುತ್ತಿದ್ದೆ. ಹನ್ನೆರಡಕ್ಕೆ ಬಂದು ನಿಂತುಬಿಟ್ಟೆ.

ನಿನ್ನಪ್ಪನನ್ನು ಕೇಳಿದೆ. ನೀನು ಹುಟ್ಟಿ ತಿಂಗಳ ಮೇಲೆ, ಕಡಲು ಶಾಂತವಾದ ದಿನ ಅವರು ದೋಣಿಯಲ್ಲಿ ಹೋಬಳಿ ಕಚೇರಿಗೆ ಹೋಗಿದ್ದರು. ಮಗು ಮನೆಯಲ್ಲಿ ಹುಟ್ಟಿದ್ದು, ಆಸ್ಪತ್ರೆಯ ಚೀಟಿ ಎಲ್ಲಿಂದ ಬರಬೇಕು? ಗುಮಾಸ್ತ ಯಾವಾಗ ಹುಟ್ಟಿತು ಎಂದ. ಇವರು ಎತ್ತಿನ ವರ್ಷ, ಹನ್ನೆರಡನೇ ತಿಂಗಳ ಇಪ್ಪತ್ತು ಎಂದರು. ಆತ 1973, ಡಿಸೆಂಬರ್ 20 ಎಂದು ಬರೆದುಕೊಂಡ. "ಹನ್ನೆರಡನೇ ತಿಂಗಳು ಅಂದ್ರೆ ಹನ್ನೆರಡನೇದೇ. ಹದಿಮೂರನೇದು ಅಂತ ಒಂದು ಇದೆಯಾ?" ಎಂದು ಈಗಲೂ ನನ್ನ ಮೇಲೇ ರೇಗಿದರು. ದ್ವೀಪದಲ್ಲಿ ಅರ್ಧ ಜನ ಹೀಗೇ ದಾಖಲಾದವರು. ಯಾರಿಗೂ ಇದರಿಂದ ಏನೂ ಆಗಿರಲಿಲ್ಲ. ನಮ್ಮಲ್ಲಿ ಯಾರೂ ಹುಟ್ಟಿದ ದಿನ ಎಣಿಸಿ ನೋಡುವಂಥ ಕೆಲಸಕ್ಕೆ ಹೋದವರಲ್ಲ, ಅಷ್ಟೆ.

ನೀನು ಕೇಳಿದ್ದಕ್ಕೆ ಉತ್ತರ: ನೀನು ಹುಟ್ಟಿದ್ದು ಹಿಮ ಬಿದ್ದ ಬೆಳಿಗ್ಗೆ. ಸೂಲಗಿತ್ತಿ ಕಾಲು ಜಾರಿ ಹಿತ್ತಲಲ್ಲಿ ಬಿದ್ದು, ಬೈದುಕೊಳ್ಳುತ್ತಲೇ ಒಳಗೆ ಬಂದಳು. ನನ್ನ ಹತ್ತಿರ ಇರುವುದು ಇಷ್ಟೇ. ಅದು ಯಾವ ಲೆಕ್ಕದಲ್ಲಿ ಯಾವ ದಿನ ಎಂದು ಆಗ ಯಾರಾದರೂ ಕೇಳಿದ್ದರೆ ಗೊತ್ತಿಲ್ಲ ಎನ್ನುತ್ತಿದ್ದೆ.

ಯಾರೂ ಸುಳ್ಳು ಹೇಳಿಲ್ಲ, ಇದನ್ನು ಮನಸ್ಸಿನಲ್ಲಿಟ್ಟುಕೋ. ಆದರೆ ಗೊತ್ತಾದ ಮೇಲೂ ಸುಮ್ಮನಿರುವುದಕ್ಕೆ ಏನು ಹೆಸರು ಎಂದು ನಾನು ಎರಡು ವಾರದಿಂದ ಯೋಚಿಸುತ್ತಿದ್ದೇನೆ. ಇಪ್ಪತ್ಮೂರು ದಿನ. ಇಷ್ಟಕ್ಕೆ ನಿನ್ನ ಐದು ವರ್ಷವನ್ನು ಬಿಟ್ಟುಕೊಡು ಎನ್ನಲು ನನಗೂ ಬಾಯಿ ಬರುತ್ತಿಲ್ಲ.

ನಿನ್ನೆ ಒಂದು ಕೆಲಸ ಮಾಡಿದೆ. ನಿನ್ನ ಪತ್ರ ನೋಡಿಕೊಂಡು ಚಾಪೆಯ ಮೇಲೆ ಅಂಗಾತ ಮಲಗಿ, ಹಾಳೆಯನ್ನು ಮುಖದ ಮೇಲೆ ಎತ್ತಿ ಹಿಡಿದು ಬರೆದೆ. ಪೆನ್ನು ಎರಡನೇ ಸಾಲಿಗೇ ನಿಂತುಹೋಯಿತು. ಪೆನ್ಸಿಲ್ ಬರೆಯಿತು. ಸಾಲುಗಳು ನಿನ್ನ ಸಾಲುಗಳ ಹಾಗೇ ಬಲಕ್ಕೆ ಜಾರಿದವು.

ನೀನು ಯಾಕೆ ಮಲಗಿಕೊಂಡು ಬರೆಯುತ್ತಿದ್ದೀಯ?

ಅಮ್ಮ


ಸಿಯೋಲ್
17 ಏಪ್ರಿಲ್ 1988

ಅಮ್ಮಾ,

ನಿನ್ನಂಥ ಟೀಚರಿನ ಮಗಳಾಗಬಾರದು.

ನವೆಂಬರಿನಿಂದ ಬೆನ್ನು ನೋಯುತ್ತಿದೆ. ಕೂತರೆ ಹೆಚ್ಚು, ನಿಂತರೆ ಕಡಿಮೆ, ಹಾರುವಾಗ ಗೊತ್ತೇ ಆಗುವುದಿಲ್ಲ. ಇಳಿದಾಗ ಗೊತ್ತಾಗುತ್ತೆ. ನಮ್ಮ ವಾಲ್ಟ್ ಹಾರುವ ತೊಗಲಿನ ಕುದುರೆ ನಿನಗೆ ಗೊತ್ತಲ್ಲ, ಓಡಿ ಬಂದು ಅದರ ಮೇಲೆ ಕೈ ಊರಿ ಎಗರಿ, ಗಾಳಿಯಲ್ಲಿ ಹಿಂದಕ್ಕೆ ಸುತ್ತಿ, ಒಂದು ತಿರುಚು ತಿರುಚಿ ನಿಲ್ಲಬೇಕು. ನನ್ನ ಹಾಗೆ ನಿಲ್ಲುವವರು ಇಲ್ಲಿ ಯಾರೂ ಇಲ್ಲ ಅಂತ ಗೂ ಮೇಷ್ಟ್ರೇ ಹೇಳಿದ್ದಾರೆ. ದಿನಕ್ಕೆ ನಲವತ್ತು ಸಲ ಹಾರುತ್ತೇನೆ.

ಹೋದ ತಿಂಗಳು ಜೊಂಗಿಮ್ ಅಕ್ಕ ಭಾನುವಾರ ಹೊರಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸೊಂಟದ ಹತ್ತಿರದ ಮೂಳೆಯಲ್ಲಿ ಬಿರುಕಿದೆಯಂತೆ. ಆರು ತಿಂಗಳು ಓಡಲೂ ಬಾರದು, ಹೀಗೇ ಹಾರುತ್ತಾ ಹೋದರೆ ಆ ಮೂಳೆ ಜಾರಿ ನರದ ಮೇಲೆ ಕೂರುತ್ತೆ, ಆಮೇಲೆ ಕಾಲಿಗೆ ಏನಾಗುತ್ತೋ ಹೇಳಕ್ಕಾಗಲ್ಲ ಅಂದರು. ಎಕ್ಸ್‌ರೇ ಫೋಟೋ ಕೊಟ್ಟರು. ಮೇಷ್ಟ್ರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, ನಾಳೆಯಿಂದ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ಬಾ ಅಂದರು.

ನೀನು ಬರಬೇಡ. ನಾನು ಮನೆಗೆ ಹೇಳಿದೆ ಅಂತ ಗೊತ್ತಾದರೆ ನನ್ನ ಕಥೆ ಮುಗೀತು. ತರಬೇತಿ ಹಾಲ್‌ನ ಗೋಡೆ ಮೇಲೆ ಎರಡು ವರ್ಷದ ಹಿಂದಿನ ಏಷ್ಯಾ ಕೂಟದಲ್ಲಿ ಚಿನ್ನ ಗೆದ್ದ ಅಕ್ಕಂದಿರ ಪಟಗಳಿವೆ. ಅದರ ಪಕ್ಕ ಒಂದು ಮೊಳೆ ಖಾಲಿ ಇದೆ. ನಾನು ದಿನಾ ಅದನ್ನು ನೋಡಿಕೊಂಡೇ ಓಟ ಶುರು ಮಾಡುವುದು.

ಐದು ತಿಂಗಳು ಅಷ್ಟೇ ಅಮ್ಮಾ. ಆಮೇಲೆ ನೀನು ಹೇಳಿದಷ್ಟು ದಿನ ಮಲಗುತ್ತೇನೆ.

ಮಿರಾನ್


ಮೊಕ್‌ಸೊಮ್
7 ಮೇ 1988

ಮಿರಾನ್,

ಬರಬೇಡವೆಂದರೂ ಬಂದೆ. ಮೇ ಐದರ ಮಕ್ಕಳ ದಿನದ ರಜೆಯೆಂದು ನಿನ್ನ ಮೇಷ್ಟ್ರಿಗೆ ಹೇಳಿದ್ದು ಅರ್ಧ ಸುಳ್ಳು. ರಜೆ ಇರದಿದ್ದರೂ ಬರುತ್ತಿದ್ದೆ.

ನೀನು ಕೋಣೆಗೆ ಬರುವ ಮೊದಲು ಅವರು ನನಗೆ ಬಾರ್ಲಿ ಚಹಾ ಕೊಟ್ಟು ಮಾತಾಡಿದರು. ಆ ಮಾತು ನಿನಗೆ ಗೊತ್ತಿರಲಿ. ಬೆನ್ನಿನ ಫೋಟೋದ ಸುದ್ದಿಯನ್ನು ನಾನು ಎತ್ತಲಿಲ್ಲ, ನಿನ್ನ ಗುಟ್ಟು ಉಳಿಸಿಕೊಂಡೆ. ಮಗಳು ಬಳಲಿದಂತೆ ಕಾಣುತ್ತಾಳೆ ಎಂದಷ್ಟೇ ಹೇಳಿದೆ. "ಮಿರಾನಮ್ಮ, ಮೈ ನೋಯದ ಜಿಮ್ನಾಸ್ಟ್ ಅಂದ್ರೆ ಮನೇಲಿ ಕೂತವಳು" ಎಂದರು. ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇವಳನ್ನ ಕರ್ಕೊಂಡು ಹೋಗಿ ಅಂತ ನೀವು ನನಗೆ ಪತ್ರ ಬರೆದ್ರಿ. ಆ ಪತ್ರ ಇನ್ನೂ ಇಟ್ಕೊಂಡಿದೀನಿ. ಈಗ ವಾಪಸ್ ಕೊಡಿ ಅನ್ನೋಕೆ ಬಂದಿದ್ರೆ, ಅವಳನ್ನೇ ಕೇಳಿ" ಎಂದರು. ಕೆಟ್ಟ ಮನುಷ್ಯನೆಂದು ತಿಳಿದುಕೊಂಡು ಬಂದಿದ್ದೆ. ನನ್ನಷ್ಟೇ ಹೆದರಿದ ಮನುಷ್ಯನಂತೆ ಕಂಡರು. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ನೀನು ಬಂದೆ. ಚೆನ್ನಾಗಿದ್ದೀನಿ ಎಂದೆ. ಹದಿನೈದು ನಿಮಿಷ ನಿಂತೇ ಇದ್ದೆ, ಕುರ್ಚಿ ಪಕ್ಕದಲ್ಲೇ ಇತ್ತು. ಹೊರಡುವಾಗ ನಿನ್ನ ಚಪ್ಪಲಿಯೊಂದು ಮಗುಚಿಬಿತ್ತು. ನೀನು ಬಗ್ಗಲಿಲ್ಲ. ಮುಖದಲ್ಲಿ ನಗು ಇಟ್ಟುಕೊಂಡೇ ಕಾಲಿನ ಬೆರಳಿನಿಂದ ಅದನ್ನು ತಿರುಗಿಸಿ ಹಾಕಿಕೊಂಡೆ. ಎಷ್ಟು ಜಾಣತನದಿಂದ ಎಂದರೆ, ಇದನ್ನು ಎಷ್ಟು ತಿಂಗಳು ಅಭ್ಯಾಸ ಮಾಡಿರಬೇಕೆಂದು ದೋಣಿ ಹತ್ತುವವರೆಗೂ ಲೆಕ್ಕ ಹಾಕುತ್ತಿದ್ದೆ.

ಅವರು ನನ್ನ ಮಾತು ಕೇಳುವುದಿಲ್ಲ. ನೀನೂ ಕೇಳುವುದಿಲ್ಲ. ಫೋಟೋವನ್ನು ನೋಡಿಯೂ ಪಟ್ಟಿ ಸುತ್ತಿಕೋ ಎಂದವರಿಗೆ ಇನ್ನೇನು ತೋರಿಸಲಿ? ನನ್ನ ಹತ್ತಿರ ಉಳಿದಿರುವುದು ಒಂದೇ. ನೀನು 74ರಲ್ಲಿ ಹುಟ್ಟಿದವಳು ಎಂದು ಆಯ್ಕೆ ಸಮಿತಿಗೆ ಒಂದು ಹಾಳೆ ಬರೆದರೆ, ಬಿರುಕು ನೋಡಿ ಕಳಿಸದವರು ನಿಯಮ ನೋಡಿ ಕಳಿಸುತ್ತಾರೆ. ನೀನು ಮನೆಗೆ ಬರುತ್ತೀಯ. ಆರು ತಿಂಗಳು ಮಲಗುತ್ತೀಯ. ನಡೆಯುತ್ತೀಯ.

ನಿನ್ನನ್ನು ಕೇಳದೆ ಬರೆಯುವುದಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಅಮ್ಮ


ಸಿಯೋಲ್
12 ಮೇ 1988

ಅಮ್ಮ,

ಬರೆಯಬೇಡ.

ಮೊನ್ನೆ ಅಪ್ಪ ಅಮ್ಮಂದಿರ ದಿನ ಎಲ್ಲರೂ ಮನೆಗೆ ಕೆಂಪು ಹೂವು ಕಳಿಸಿದರು. ನನ್ನದು ಇನ್ನೂ ಕಳಿಸಿರಲಿಲ್ಲ, ಅಷ್ಟರಲ್ಲಿ ನಿನ್ನ ಪತ್ರ ಬಂತು. ಇನ್ನು ಕಳಿಸುವುದಿಲ್ಲ.

ನಾಲ್ಕು ವರ್ಷ ಆದ ಮೇಲೆ ನನಗೆ ಹದಿನೆಂಟು. ಹದಿನೆಂಟಕ್ಕೆ ಇಲ್ಲಿ ಎಲ್ಲರೂ ಮನೆಗೆ ಹೋಗಿರುತ್ತಾರೆ. ಜೊಂಗಿಮ್ ಅಕ್ಕನಿಗೆ ಹದಿನೇಳು, ಅವಳನ್ನು ಈಗಲೇ 'ಅಜ್ಜಿ' ಅಂತಾರೆ. ಇನ್ನೊಂದು ಸಲ ಅನ್ನೋದು ಇಲ್ಲ. ಪೇಪರಿನವರು ಏನು ಬರೆಯುತ್ತಾರೆ ಅಂತ ಯೋಚಿಸಿದೆಯಾ? ವಯಸ್ಸಿನಲ್ಲಿ ಮೋಸ ಮಾಡಿದ ಹುಡುಗಿ. ಸುಳ್ಳು ದಿನ ಬರೆಸಿದ ಅಪ್ಪ. ದ್ವೀಪದಲ್ಲಿ ಅಪ್ಪ ಯಾರಿಗೆ ಮುಖ ತೋರಿಸಬೇಕು?

ಇದು ನನ್ನ ಬೆನ್ನು. ನೀನು ಇದನ್ನು ಕೊಟ್ಟುಬಿಟ್ಟಾಯಿತು, ಐದು ವರ್ಷದ ಹಿಂದೆ.

ಬರೆದರೆ ನಾನು ನಿನಗೆ ಇನ್ನು ಬರೆಯುವುದಿಲ್ಲ.

ಮಿರಾನ್


ಮೊಕ್‌ಸೊಮ್ ಪ್ರಾಥಮಿಕ ಶಾಲೆ
30 ಮೇ 1988

ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾನು, ಜಿಮ್ನಾಸ್ಟ್ ತಾಕ್ ಮಿರಾನ್‌ಳ ತಾಯಿ. ನನ್ನ ಮಗಳ ಜನ್ಮದಿನ ದಾಖಲೆಯಲ್ಲಿ 1973ರ ಡಿಸೆಂಬರ್ 20 ಎಂದಿದೆ. ಅದು ಚಂದ್ರನ ಲೆಕ್ಕದ ತಿಂಗಳನ್ನು ಸೂರ್ಯನ ಲೆಕ್ಕದ್ದೆಂದು ಬರೆದುಕೊಂಡ ತಪ್ಪು. ಅವಳು ಹುಟ್ಟಿದ್ದು 1974ರ ಜನವರಿ 12ರ ಬೆಳಿಗ್ಗೆ. ಸೂಲಗಿತ್ತಿ ಇನ್ನೂ ಬದುಕಿದ್ದಾಳೆ. ನನ್ನ ಅತ್ತೆಯೂ ಸಾಕ್ಷಿ. ಇಬ್ಬರ ಹೆಬ್ಬೆಟ್ಟಿನ ಗುರುತನ್ನು ಜೊತೆಯಲ್ಲಿಟ್ಟಿದ್ದೇನೆ. ಈ ತಪ್ಪಿನಲ್ಲಿ ಹುಡುಗಿಯ ಕೈವಾಡ ಏನೂ ಇಲ್ಲ. ಶಿಕ್ಷೆಯಿದ್ದರೆ ಅದು ನಮ್ಮದು.

ನಿಯಮದ ಪ್ರಕಾರ ಅವಳು ಈ ವರ್ಷ ಆಡಲು ಅರ್ಹಳಲ್ಲ. ದಯವಿಟ್ಟು ಅವಳನ್ನು ಮನೆಗೆ ಕಳಿಸಿಕೊಡಿ.

ಇಷ್ಟನ್ನೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಕಾರಣವನ್ನು ಮುಚ್ಚಿಟ್ಟರೆ ಇದೂ ಒಂದು ಬಗೆಯ ಸುಳ್ಳಾಗುತ್ತದೆ. ನನ್ನ ಮಗಳ ಬೆನ್ನುಮೂಳೆಯಲ್ಲಿ ಬಿರುಕಿದೆ. ನಾನು ನಿಯಮದ ಮೇಲಿನ ಗೌರವದಿಂದ ಬರೆಯುತ್ತಿಲ್ಲ. ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಇತಿ ತಮ್ಮ ವಿಶ್ವಾಸಿ,
ಸೊ ಯೊಂಗ್‌ಸಿಮ್, ಶಿಕ್ಷಕಿ


ಸಿಯೋಲ್
16 ಜೂನ್ 1988

ಶ್ರೀಮತಿ ಸೊ ಯೊಂಗ್‌ಸಿಮ್ ಅವರಿಗೆ,

ತಮ್ಮ ಪತ್ರ ತಲುಪಿದೆ. ಕುಟುಂಬ ದಾಖಲೆಯಲ್ಲಿ ನಮೂದಾದ ದಿನಾಂಕವೇ ಕಾನೂನಿನ ದೃಷ್ಟಿಯಲ್ಲಿ ಜನ್ಮದಿನಾಂಕ. ನ್ಯಾಯಾಲಯದ ಆದೇಶವಿಲ್ಲದೆ ಅದನ್ನು ಬದಲಿಸಲು ಬರುವುದಿಲ್ಲ. ನೆನಪಿನ ಆಧಾರದ ಹೇಳಿಕೆಗಳನ್ನು ಸಮಿತಿ ಪರಿಗಣಿಸುವುದಿಲ್ಲ. ಪತ್ರದ ಕೊನೆಯ ಭಾಗದಿಂದ, ತಾಯಿಯ ಸಹಜ ಆತಂಕವೇ ಈ ಹೇಳಿಕೆಗೆ ಕಾರಣವೆಂದು ಸಮಿತಿ ಅರ್ಥಮಾಡಿಕೊಂಡಿದೆ.

ತಮ್ಮ ಪುತ್ರಿ ತಂಡಕ್ಕೆ ಆಯ್ಕೆಯಾಗಿರುವುದನ್ನು ತಿಳಿಸಲು ಸಂತೋಷವಾಗುತ್ತದೆ. ಅಭಿನಂದನೆಗಳು.

ಪ್ರತಿ: ತರಬೇತುದಾರರಿಗೆ, ಮಾಹಿತಿಗಾಗಿ.

ಕಾರ್ಯದರ್ಶಿ


ಮೊಕ್‌ಸೊಮ್
10 ಜುಲೈ 1988

ಮಿರಾನ್,

ಇದು ಮೂರನೆಯ ಪತ್ರ. ಮೊದಲಿನ ಎರಡನ್ನು ನೀನು ಓದಿದೆಯೋ ಇಲ್ಲವೋ.

ಹೌದು, ಬರೆದೆ. ನೀನು ಬೇಡವೆಂದ ಮೇಲೆ ಹದಿನೆಂಟು ದಿನ ಸುಮ್ಮನಿದ್ದು, ಆಮೇಲೆ ಬರೆದೆ. ಕಾರಣ ಬರೆಯದೆ ಇದ್ದಿದ್ದರೆ ನಂಬುತ್ತಿದ್ದರೇನೋ. ಅದೊಂದು ಸಾಲನ್ನು ಯಾಕೆ ಸೇರಿಸಿದೆ ಎಂದು ದಿನವೂ ಕೇಳಿಕೊಳ್ಳುತ್ತೇನೆ. ಒಳ್ಳೆಯವಳಾಗಿ ಕಾಣಬೇಕೆಂದೇ? ನಿನ್ನನ್ನು ಬಿಡಿಸಲು ಹೊರಟವಳು ನನ್ನ ಮನಸ್ಸನ್ನು ಬಿಡಿಸಿಕೊಳ್ಳಲು ಹೋದೆನೇ?

ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದೇನೆ. ಅದರ ಸರದಿ ನವೆಂಬರಿನಲ್ಲಂತೆ. ನಿನ್ನ ಸರದಿ ಸೆಪ್ಟೆಂಬರಿನಲ್ಲಿ.

ಒಂದೇ ಒಂದು ಸಾಲು ಬರೆ. ಬೈದಾದರೂ ಬರೆ. ಪೆನ್ನಿನಲ್ಲೋ ಪೆನ್ಸಿಲ್ಲಿನಲ್ಲೋ ಎಂದು ನೋಡಿಕೊಳ್ಳುತ್ತೇನೆ, ಅಷ್ಟು ಸಾಕು.

ಅಮ್ಮ


ಸಿಯೋಲ್
28 ಆಗಸ್ಟ್ 1988

ಮಿರಾನಿನ ಅಮ್ಮನವರಿಗೆ,

ನಾನು ಅವಳ ಕೋಣೆಯವಳು, ತಂಡದ ಹೆಚ್ಚುವರಿ ಆಟಗಾರ್ತಿ ಯಾಂಗ್ ಜೊಂಗಿಮ್. ನೀವು ನನ್ನನ್ನು ನೋಡಿಲ್ಲ. ಅವಳು ಬರೆಯುವುದಿಲ್ಲವೆಂದು ನಾನು ಬರೆಯುತ್ತಿದ್ದೇನೆ. ಅವಳಿಗೆ ಗೊತ್ತಿಲ್ಲ.

ನಿಮ್ಮ ಪತ್ರಗಳನ್ನು ಅವಳು ಒಡೆದಿಲ್ಲ, ಬಿಸಾಡಿಯೂ ಇಲ್ಲ. ಕಡಲಸೊಪ್ಪಿನ ಕಟ್ಟಿನ ಜೊತೆ ಮಂಚದ ಕೆಳಗಿವೆ. ಬೆಳಿಗ್ಗೆ ಅವಳ ಬೂಟಿನ ದಾರ ನಾನು ಕಟ್ಟುತ್ತೇನೆ. ಎಡಗಾಲಿನ ಬೆರಳುಗಳನ್ನು ಗಿಲ್ಲಿದರೆ ಅವಳಿಗೆ ಗೊತ್ತಾಗುವುದಿಲ್ಲ. ನಗುತ್ತ, "ಅಕ್ಕಾ, ಒಳ್ಳೇದೇ ಆಯ್ತಲ್ಲ, ಅಷ್ಟು ನೋವು ಕಡಿಮೆ" ಅನ್ನುತ್ತಾಳೆ.

ಹೋದ ವಾರ ನಾನು ಪಂಚಾಂಗ ತೆಗೆದುಕೊಂಡು ಸಮಿತಿಯವರ ಹತ್ತಿರ ಹೋದೆ. ಆ ಪುಟ ತೋರಿಸಿದೆ. ಕಾರ್ಯದರ್ಶಿಯವರು ಪುಟ ನೋಡಲಿಲ್ಲ, ನನ್ನನ್ನು ನೋಡಿದರು. "ಅವಳು ಹೋದ್ರೆ ಆ ಜಾಗ ಯಾರಿಗಮ್ಮ?" ಎಂದು ಕೇಳಿದರು. ನನಗೆ ಎಂದೆ. "ಹಾಗಾದ್ರೆ ಪುಸ್ತಕ ಮುಚ್ಚು" ಎಂದರು.

ಫೆಬ್ರುವರಿಯಲ್ಲೇ ಹೇಳಿದ್ದರೆ ತನಿಖೆಗೆ ಸಮಯ ಇರುತ್ತಿತ್ತು. ಆಗ ನಾನು ಹೇಳಲಿಲ್ಲ. ಆ ಜಾಗ ನನಗೆ ಎಷ್ಟು ಬೇಕಾಗಿತ್ತು ಎಂದರೆ, ಹೇಳಿದರೆ ಆಸೆಗೇ ಹೇಳಿದ ಹಾಗಾಗುತ್ತದೆಂದು ಬಾಯಿ ಮುಚ್ಚಿಕೊಂಡೆ. ಅದನ್ನು ಒಳ್ಳೆಯತನ ಅಂದುಕೊಂಡಿದ್ದೆ.

ನೀವಾದರೂ ಏನಾದರೂ ಮಾಡಿ. ಏನು ಅಂತ ನನಗೆ ಗೊತ್ತಿಲ್ಲ.

ಜೊಂಗಿಮ್


ಮೊಕ್‌ಸೊಮ್
26 ಸೆಪ್ಟೆಂಬರ್ 1988

ಮಿರಾನ್,

ಎರಡು ಸಲ ಬಂದೆ. ಎರಡು ಸಲವೂ, ಕೂಟ ಮುಗಿಯುವವರೆಗೆ ಮನೆಯವರನ್ನು ಬಿಡುವುದಿಲ್ಲ ಎಂದು ಗೇಟಿನಿಂದಲೇ ಕಳಿಸಿದರು. ಎರಡನೆಯ ಸಲ ನೆಲದ ಮೇಲೆ ಕೂತುಬಿಟ್ಟೆ. ಕಾವಲಿನ ಮುದುಕ ತನ್ನ ಕುರ್ಚಿ ತಂದುಕೊಟ್ಟ. ಒಳಗೆ ಮಾತ್ರ ಬಿಡಲಿಲ್ಲ.

ಬುಧವಾರ ಊರಿನವರೆಲ್ಲ ಮುಖ್ಯಸ್ಥರ ಮನೆಯ ಟೀವಿ ಮುಂದೆ ಸೇರಿದ್ದರು. ನಿನ್ನಪ್ಪ ಬರಲಿಲ್ಲ, ಬಲೆ ಹೊಲಿಯುತ್ತ ಮನೆಯಲ್ಲೇ ಉಳಿದರು. ನೀನು ಓಡಿದೆ. ನಾನು ನಿನ್ನ ಎಡಗಾಲನ್ನು ಮಾತ್ರ ನೋಡುತ್ತಿದ್ದೆ. ಕುದುರೆಯ ಮೇಲೆ ಕೈ ಊರಿದ್ದು, ಸುತ್ತಿದ್ದು, ತಿರುಚಿದ್ದು ಯಾವುದೂ ನನಗೆ ಕಾಣಲಿಲ್ಲ. ಎಲ್ಲರೂ ಕೂಗಿದಾಗ ತಲೆಯೆತ್ತಿದೆ. ನೀನು ನಿಂತಿದ್ದೆ. ಒಂದು ಹೆಜ್ಜೆಯೂ ಅಲುಗದೆ ನಿಂತಿದ್ದೆ. ಕೈ ಮೇಲೆತ್ತಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೀನು ಬಾಗಿ ನಮಸ್ಕರಿಸಲಿಲ್ಲ.

ತೀರ್ಪುಗಾರರಿಗೂ ಬಾಗಲಿಲ್ಲ, ಜನರಿಗೂ ಬಾಗಲಿಲ್ಲ. ಕಂಬದ ಹಾಗೆ ನಡೆದುಕೊಂಡು ಹೋದೆ. ಕಾಮೆಂಟರಿ ಹೇಳುವವನು ಒಂದು ಕ್ಷಣ ತಡವರಿಸಿ, "ಈಗಿನ ಮಕ್ಕಳು ಧೈರ್ಯಸ್ಥರು" ಎಂದ. ಮುಖ್ಯಸ್ಥರ ಹೆಂಡತಿ ನೇರವಾಗಿಯೇ ಹೇಳಿದಳು, "ಟೀಚರ್ ಮಗಳು. ಸಿಯೋಲಿಗೆ ಹೋಗಿ ನಮಸ್ಕಾರ ಮರೆತಳು." ಶನಿವಾರ ನಮ್ಮ ಹುಡುಗನೊಬ್ಬ ಇದೇ ವಾಲ್ಟಿನಲ್ಲಿ ಕಂಚು ಗೆದ್ದನಲ್ಲ, ಜಿಮ್ನಾಸ್ಟಿಕ್ಸಿನಲ್ಲಿ ದೇಶಕ್ಕೆ ಸಿಕ್ಕ ಮೊದಲ ಒಲಿಂಪಿಕ್ ಪದಕ. ಅಂದಿನಿಂದ ಊರಲ್ಲಿ ಇದೇ ಮಾತು: ಪದಕ ಗೆಲ್ಲುವ ಮಕ್ಕಳು ಹೇಗಿರುತ್ತವೆ, ಇವಳು ಹೇಗೆ.

ನಾನು ಬಾಯಿ ತೆರೆದಿದ್ದರೆ ಅಲ್ಲೇ ಕಿರುಚುತ್ತಿದ್ದೆ. ಅಷ್ಟು ಜನರಲ್ಲಿ, ಆ ಕ್ರೀಡಾಂಗಣದ ಅಷ್ಟು ಸಾವಿರ ಜನರಲ್ಲಿ, ನಿನಗೆ ಬಾಗಲು ಬರುವುದಿಲ್ಲ ಎಂದು ಗೊತ್ತಿದ್ದವರು ಎಷ್ಟು ಮಂದಿ?

ನಿನ್ನೆ ಚುಸೊಕ್ ಹಬ್ಬ. ಹಿರಿಯರಿಗೆ ಎಡೆಯಿಟ್ಟು ಎಲ್ಲರೂ ನೆಲಕ್ಕೆ ಹಣೆಮುಟ್ಟಿ ನಮಸ್ಕರಿಸುವಾಗ ನಾನೊಬ್ಬಳು ನಿಂತೇ ಇದ್ದೆ. ಯಾಕೆಂದು ಅಜ್ಜಿ ಕೇಳಿದರು. ಅಷ್ಟರಲ್ಲಿ ಮುಖ್ಯಸ್ಥರ ಮನೆಗೆ ಜೊಂಗಿಮ್‌ಳ ಫೋನ್ ಬಂತು. ನೀನು ಬೆಳಿಗ್ಗೆ ಮಂಚದಿಂದ ಏಳಲಿಲ್ಲವಂತೆ, ಆಸ್ಪತ್ರೆಗೆ ಒಯ್ದರಂತೆ.

ಈ ಪತ್ರ ತಲುಪುವ ಮೊದಲೇ ನಾನು ಆಸ್ಪತ್ರೆಯಲ್ಲಿರುತ್ತೇನೆ. ಆದರೂ ಬರೆದೆ. ನೀನು ನನ್ನ ಮುಖ ನೋಡದಿದ್ದರೆ, ಇದನ್ನಾದರೂ ಒಂದು ದಿನ ಒಡೆಯಬಹುದು.

ಅಮ್ಮ


ಸಿಯೋಲ್, ಆಸ್ಪತ್ರೆ
ಹನ್ನೆರಡನೆಯ ತಿಂಗಳ ಇಪ್ಪತ್ತು

ಅಮ್ಮಾ,

ಸೂರ್ಯನ ಲೆಕ್ಕದಲ್ಲಿ ಇವತ್ತು ಜನವರಿ 27, 1989. ಪತ್ರ ಯಾವತ್ತು ಬರೆದದ್ದು ಅಂತ ನೀನು ತಲೆ ಕೆಡಿಸಿಕೊಳ್ಳಬಾರದಲ್ಲ.

ನಿನ್ನ ಪತ್ರಗಳನ್ನೆಲ್ಲ ಜೊಂಗಿಮ್ ಅಕ್ಕ ತಂದುಕೊಟ್ಟಳು. ಮೂರು ದಿನದಲ್ಲಿ ಓದಿದೆ. ನೀನು ನೋಡಲು ಬಂದ ನಾಲ್ಕು ಸಲವೂ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದೆ. ಕತ್ತು ತಿರುಗುತ್ತೆ ಅಂತ ಅವತ್ತು ನಿನಗೆ ಒಳಗೊಳಗೇ ಸಂತೋಷ ಆಗಿರಬೇಕು, ನನಗೆ ಗೊತ್ತು.

ಅಕ್ಕ ಜೊತೆಗೆ ಕಡಲಸೊಪ್ಪಿನ ಕಟ್ಟನ್ನೂ ತಂದಿದ್ದಳು. ಇಲ್ಲಿಯ ಅಡುಗೆಯವಳು ಏನೂ ಕೇಳದೆ ಸಾರು ಮಾಡಿದಳು. ಒಂದು ಬಟ್ಟಲು ಪೂರ್ತಿ ಕುಡಿದೆ. ಇನ್ನು ಜಾರುವುದಕ್ಕೆ ಏನೂ ಉಳಿದಿಲ್ಲ.

ಎದೆಯಿಂದ ಸೊಂಟದವರೆಗೆ ಹಾಕಿದ್ದ ಗಟ್ಟಿ ಪಟ್ಟಿಯನ್ನು ಮಂಗಳವಾರ ಬಿಚ್ಚಿ, ಕಬ್ಬಿಣದ ಕಡ್ಡಿಯಿರುವ ಪಟ್ಟಿ ಹಾಕಿದರು. ಕೋಲು ಹಿಡಿದು ಹನ್ನೊಂದು ಹೆಜ್ಜೆ ನಡೆದೆ. ಎಡಗಾಲು ಎಳೆಯುತ್ತೆ, ಎಳೆಯುತ್ತಲೇ ಇರುತ್ತೆ ಅಂದರು. ಬೆನ್ನು ಇನ್ನು ಬಗ್ಗುವುದಿಲ್ಲ. ಗೂ ಮೇಷ್ಟ್ರು ಒಮ್ಮೆ ಬಂದು ಬಾಗಿಲಲ್ಲೇ ನಿಂತು ಹೋದರು. ನನ್ನನ್ನು ಬಂದು ನೋಡಿ ಅಂತ ನೀನು ಆಗ ಬರೆದ ಪತ್ರವನ್ನು ಮೇಜಿನ ಮೇಲೆ ಇಟ್ಟು ಹೋದರು. ಅದನ್ನೂ ಓದಿದೆ. ಎಷ್ಟು ಚೆಂದ ಬರೆದಿದ್ದೀಯ ನನ್ನ ಬಗ್ಗೆ.

ಹೊಸ ಡಾಕ್ಟರು ಇವತ್ತು ಫೈಲು ತುಂಬಿಸುತ್ತ, ಯಾವತ್ತು ಹುಟ್ಟಿದ್ದು ಅಂತ ಕೇಳಿದರು. ಜನವರಿ ಹನ್ನೆರಡು, ಎಪ್ಪತ್ನಾಲ್ಕು ಅಂದೆ. ಅವರು ದಾಖಲೆ ನೋಡಿ, ಇಲ್ಲಿ ಬೇರೆ ಇದೆಯಲ್ಲ ಅಂದರು. ಹದಿನೈದು ವರ್ಷ ತುಂಬಿ ಇವತ್ತಿಗೆ ಹದಿನೈದು ದಿನ, ಬೇಕಿದ್ದರೆ ನನ್ನ ಅಮ್ಮನನ್ನು ಕೇಳಿ, ಅಲ್ಲಿ ಇದ್ದವಳು ಅವಳು ಅಂದೆ. ಅವರು ನಾನು ಹೇಳಿದ್ದನ್ನೇ ಬರೆದುಕೊಂಡರು.

ಚಂದ್ರನ ಲೆಕ್ಕದ ಹೊಸ ವರ್ಷಕ್ಕೆ ಮನೆಗೆ ಕಳಿಸುತ್ತಾರಂತೆ. ಆ ಬೆಳಿಗ್ಗೆ ಎಲ್ಲರೂ ಸಾಲಾಗಿ ಹಿರಿಯರಿಗೆ ನೆಲಮುಟ್ಟಿ ನಮಸ್ಕಾರ ಮಾಡುವಾಗ ನಾನು ನಿಂತೇ ಇರುತ್ತೇನೆ. ಅಜ್ಜಿಗೂ ಅಪ್ಪನಿಗೂ ಮೊದಲೇ ಹೇಳಿಡು. ಮುಖ್ಯಸ್ಥರ ಹೆಂಡತಿಗೆ ಏನೂ ಹೇಳಬೇಡ, ಅವಳೇ ನೋಡಲಿ.

ದೋಣಿ ಇಳಿಯುವ ಕಡೆ ಬಂದಿರು. ಬೂಟಿನ ದಾರ ಬಿಚ್ಚಲು ನನಗೆ ಆಗುವುದಿಲ್ಲ.

ನಿನ್ನ ಮಗಳು,
ಮಿರಾನ್